ವ್ಯಾಕರಣದ ಒಯ್ಯಾರಿ ಮಗಳು

ನಮ್ಮ ಮನೆಗಳಿಗೆ ಬಂದು ನೆಲೆಯೂರಿದ ಪರದೇಶದ ಶಬ್ದಗಳಲ್ಲಿ ಕೆಲವು ಶುದ್ಧ ದುಡಿಮೆಗಾರರು. ಬಸ್ಸು, ಪೆನ್ನು, ಬಲ್ಬು, ಸೈಕಲ್ಲು ಇವು ಬಂದ ದಿನದಿಂದಲೂ ತಮ್ಮ ಕೆಲಸವನ್ನು ತಾವು ಮಾಡಿಕೊಂಡಿವೆ. ಅವುಗಳ ಕುಲಗೋತ್ರವನ್ನು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಮತ್ತೆ ಕೆಲವು ಅತಿಥಿಗಳಂತೆ ಬಂದು, ನಡುಮನೆಯ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತು, ಮನೆಯವರು ಬಾಯಿ ತೆರೆಯುವ ಮೊದಲೇ ತಾವೇ ಮಾತನಾಡಿಬಿಡುತ್ತವೆ. ‘ಗ್ಲಾಮರ್’ ಎಂಬ ಶಬ್ದ ಈ ಎರಡನೆಯ ಗುಂಪಿಗೆ ಸೇರಿದ್ದು.

ಮೊದಮೊದಲು ಈ ಶಬ್ದ ಸಿನಿಮಾ ಪುಟವನ್ನು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಟಿಯೊಬ್ಬಳ ‘ಗ್ಲಾಮರ್ ಪಾತ್ರ’, ನಟನೊಬ್ಬನ ‘ಗ್ಲಾಮರ್’ ಎಂದು ಓದಿ, ಪುಟ ಮಗುಚಿ, ನಾವು ಧಾರಾವಾಹಿಯ ಕಡೆಗೆ ಹೋಗುತ್ತಿದ್ದೆವು. ಈಗ ಹಾಗಲ್ಲ. ಹೊಸ ಮನೆಯ ನೆಲಹಾಸಿಗೆ ಗ್ಲಾಮರ್ ಬೇಕು. ಮದುವೆಯ ಚಪ್ಪರಕ್ಕೆ ಗ್ಲಾಮರ್ ಬೇಕು. ರಾಜಕಾರಣಿಗೆ ಗ್ಲಾಮರ್ ಇದೆಯೋ ಇಲ್ಲವೋ ಎಂಬುದು ಚುನಾವಣೆಯ ಕಾಲದಲ್ಲಿ ಚರ್ಚೆಯ ವಿಷಯ. ಕಾಲೇಜಿನಲ್ಲಿ ಆರಿಸಿಕೊಳ್ಳುವ ವಿಷಯಗಳಲ್ಲಿಯೂ ಗ್ಲಾಮರ್ ಉಳ್ಳವು, ಇಲ್ಲದವು ಎಂಬ ಎರಡು ಪಂಕ್ತಿಗಳಾಗಿವೆ. ನಾನು ಕಲಿಸುವ ಕನ್ನಡ ಎಲ್ಲಿ ಕುಳಿತಿದೆಯೆಂಬುದನ್ನು ಓದುಗರು ಊಹಿಸಬಲ್ಲರು.

ಇಷ್ಟೆಲ್ಲ ಓಡಾಡುವ ಶಬ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಮೋಹಕತೆ ಎನ್ನಬಹುದು, ಆಕರ್ಷಣೆ ಎನ್ನಬಹುದು. ಎರಡೂ ಪರೀಕ್ಷೆಯ ಉತ್ತರಪತ್ರಿಕೆಗೆ ಒಪ್ಪುವಂಥವು, ಬಾಯಿಗೆ ಬರುವಂಥವಲ್ಲ. ಬಾಯಿಗೆ ಬರುವ ಮಾತುಗಳಾದರೆ ನಮ್ಮಲ್ಲಿ ಒಂದು ಬುಟ್ಟಿಯಷ್ಟಿವೆ: ಚೆಲುವು, ಸೊಬಗು, ಸೊಗಸು, ಬೆಡಗು, ಬಿನ್ನಾಣ, ಒಯ್ಯಾರ, ಠೀವಿ, ಥಳಕು, ಮಾಟ, ಮೋಡಿ. ಭೀಮಾನದಿಯ ಸೀಮೆಯವರಾದ ನಾವು ಇವಕ್ಕೆ ಉರ್ದುವಿನ ಕೊಡುಗೆಗಳಾದ ನಖರಾ, ಶೋಕಿ, ಶಾನ್ ಎಂಬ ಮೂರನ್ನು ಕೂಡಿಸಿಕೊಂಡಿದ್ದೇವೆ. ೧೯೪೮ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದು, ೧೯೫೬ರಲ್ಲಿ ಕನ್ನಡನಾಡಿನೊಡನೆ ಒಂದಾದ ನೆಲ ನಮ್ಮದು. ನಮ್ಮ ಮಾತಿನ ಸೆರಗಿಗೆ ಉರ್ದುವಿನ ಜರಿ ಅಂಟಿಕೊಂಡೇ ಇದೆ.

ಈ ಬುಟ್ಟಿಯಲ್ಲಿ ಒಂದು ವಿಶೇಷವಿದೆ. ಪ್ರತಿಯೊಂದು ಮಾತೂ ಆಕರ್ಷಣೆ ಎಲ್ಲಿಂದ ಹೊರಡುತ್ತದೆ ಎಂಬುದನ್ನು ತಪ್ಪದೆ ಹೇಳುತ್ತದೆ. ಚೆಲುವು ವಸ್ತುವಿನಲ್ಲಿಯೇ ಇರುವುದು. ಒಯ್ಯಾರ ನಡಿಗೆಯಲ್ಲಿ, ತಿರುಗಿ ನೋಡುವ ರೀತಿಯಲ್ಲಿ ಇರುವುದು. ಠೀವಿ ನಿಲುವಿನಲ್ಲಿ. ಥಳಕು ಮೇಲ್ಮೈಯಲ್ಲಿ, ಉಜ್ಜಿದರೆ ಹೋಗುವಂಥದು. ನಖರಾ ಎಂಬುದು ಬೇಕೆಂದೇ ಮಾಡುವಂಥದು. ನೋಡುವವರಿಲ್ಲದಿದ್ದರೆ ಅದಕ್ಕೆ ಕೆಲಸವಿಲ್ಲ. ಶೋಕಿಗೆ ದುಡ್ಡು ಬೇಕು, ಹಲವು ಸಲ ಇನ್ನೊಬ್ಬರ ದುಡ್ಡು. ಗ್ಲಾಮರ್ ಎಂಬ ಅತಿಥಿ ಮಾತ್ರ ಇವೆಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ ಬಾಯಿ ಕಟ್ಟಿಬಿಡುತ್ತದೆ. ಆ ಚೀಲದೊಳಗೆ ಏನಿದೆಯೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಆಡಿದವರಿಗೂ ಕೆಲವು ಸಲ ತಿಳಿದಿರುವುದಿಲ್ಲ.

ಹಾಗಾದರೆ ಈ ಅತಿಥಿ ಹುಟ್ಟಿದ ಮನೆ ಯಾವುದು? ಇಲ್ಲೊಂದು ಸ್ವಾರಸ್ಯವಾದ ಕಥೆಯಿದೆ. ಗ್ಲಾಮರ್ ಎಂಬುದು ‘ಗ್ರಾಮರ್’ ಎಂಬುದರ ಮಗಳು. ಹೌದು, ಶಾಲೆಯ ಮಕ್ಕಳ ನಿದ್ರೆ ಕೆಡಿಸುವ ಅದೇ ವ್ಯಾಕರಣ!

ಗ್ರೀಕ್ ಭಾಷೆಯಲ್ಲಿ ‘ಗ್ರಾಮ’ ಎಂದರೆ ಅಕ್ಷರ, ಬರೆದದ್ದು. ಅಕ್ಷರದ ವಿದ್ಯೆಯೇ ಗ್ರಾಮರ್ ಆಯಿತು. ಮಧ್ಯಯುಗದ ಯೂರೋಪಿನಲ್ಲಿ ಈ ವಿದ್ಯೆಯೆಂದರೆ ಲ್ಯಾಟಿನ್ ಭಾಷೆಯ ವಿದ್ಯೆ. ಅದನ್ನು ಬಲ್ಲವರು ಪಾದ್ರಿಗಳು, ಪಂಡಿತರು, ಬೆರಳೆಣಿಕೆಯ ಜನ. ಉಳಿದ ಒಕ್ಕಲುಮಕ್ಕಳಿಗೆ ಅಕ್ಷರ ತಿಳಿಯದು. ಕತ್ತಲ ಕೋಣೆಯಲ್ಲಿ ದೀಪ ಹಚ್ಚಿಕೊಂಡು, ತೊಗಲಿನ ಹಾಳೆಯ ಮೇಲಿನ ಕಪ್ಪು ಗೆರೆಗಳನ್ನು ನೋಡುತ್ತ ತನ್ನಷ್ಟಕ್ಕೆ ತಾನೇ ಗೊಣಗುವ ಮನುಷ್ಯ ಮತ್ತೇನು ಮಾಡುತ್ತಿದ್ದಾನು? ಮಂತ್ರ ಹಾಕುತ್ತಿರಬೇಕು! ಹೀಗೆ ವ್ಯಾಕರಣವೆಂಬ ಮಾತಿಗೆ ಗೂಢವಿದ್ಯೆ, ಮಾಟಮಂತ್ರ ಎಂಬ ಅರ್ಥ ಅಂಟಿಕೊಂಡಿತು. ಫ್ರಾನ್ಸಿನಲ್ಲಿ ಅದೇ ಶಬ್ದ ರೂಪ ಬದಲಿಸಿ ‘ಗ್ರಿಮ್ವಾರ್’ ಆಯಿತು. ಹಾಗೆಂದರೆ ಮಂತ್ರವಾದಿಯ ಹೊತ್ತಗೆ. ಸ್ಕಾಟ್ಲೆಂಡಿನ ಜನರ ನಾಲಗೆಯಲ್ಲಿ ರಕಾರ ಜಾರಿ ಲಕಾರವಾಯಿತು. ಗ್ರಾಮರ್ ಹೋಗಿ ಗ್ಲಾಮರ್ ಹುಟ್ಟಿತು.

೧೮ನೆಯ ಶತಮಾನದ ಆದಿಭಾಗದಲ್ಲಿ ಈ ಶಬ್ದ ಸ್ಕಾಟ್ಲೆಂಡಿನ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಅದರ ಅರ್ಥ ಸೌಂದರ್ಯವಲ್ಲ. ನೋಡುವವರ ಕಣ್ಣಿನ ಮೇಲೆ ಎರಚುವ ಮಾಯೆ. ಮಾಟಗಾರರೂ ಅಲೆಮಾರಿಗಳೂ ಒಬ್ಬರ ಮೇಲೆ ‘ಗ್ಲಾಮರ್ ಹಾಕಿದರು’ ಎಂದರೆ, ಇಲ್ಲದ್ದನ್ನು ಇದೆಯೆಂದು ಕಾಣುವಂತೆ ಮಾಡಿದರು ಎಂದು ತಾತ್ಪರ್ಯ. ರಾಬರ್ಟ್ ಬರ್ನ್ಸ್ ಕವಿ ತನ್ನದೊಂದು ಪದ್ಯದಲ್ಲಿ ತಾಯಿಮಗಳಾದ ಈ ಎರಡು ಶಬ್ದಗಳನ್ನು ಪ್ರಾಸದಲ್ಲಿ ಅಕ್ಕಪಕ್ಕ ಕೂರಿಸಿದ್ದಾನೆ. ವಾಲ್ಟರ್ ಸ್ಕಾಟ್ ೧೮೦೫ರಲ್ಲಿ ಪ್ರಕಟಿಸಿದ ‘ದಿ ಲೇ ಆಫ್ ದಿ ಲಾಸ್ಟ್ ಮಿನ್ಸ್ಟ್ರೆಲ್’ ಎಂಬ ಕಥನಕಾವ್ಯವೂ ಅವನ ಇತರ ಬರಹಗಳೂ ಈ ಹಳ್ಳಿಯ ಹುಡುಗಿಯನ್ನು ಇಂಗ್ಲಿಷ್ ಓದುಗರ ನಗರಕ್ಕೆ ಕರೆತಂದವು. ೧೯ನೆಯ ಶತಮಾನದಲ್ಲಿ ಮಾಯೆಯ ಅರ್ಥ ಮೆಲ್ಲನೆ ಕರಗಿ ಮೋಹಕ ಸೌಂದರ್ಯ ಎಂಬ ಅರ್ಥ ಮೇಲೆ ಬಂದಿತು. ೧೯೩೦ರ ದಶಕದಲ್ಲಿ ಹಾಲಿವುಡ್ಡಿನ ಚಿತ್ರೋದ್ಯಮ ಅವಳಿಗೆ ರೇಷ್ಮೆಯ ಉಡುಪು ತೊಡಿಸಿ, ದೀಪದ ಕೆಳಗೆ ನಿಲ್ಲಿಸಿ, ಲೋಕಕ್ಕೆಲ್ಲ ಪರಿಚಯ ಮಾಡಿಕೊಟ್ಟಿತು. ಅಂದಿನಿಂದ ಅವಳು ತವರಿನ ಹೆಸರೆತ್ತುವುದಿಲ್ಲ. ತಾಯಿ ವ್ಯಾಕರಣ ಮಾತ್ರ ಶಾಲೆಯ ಮೂಲೆಯಲ್ಲಿ ಬೆತ್ತ ಹಿಡಿದು ಕುಳಿತಿದ್ದಾಳೆ.

ಇಂಗ್ಲಿಷಿನಲ್ಲಿ ಮೋಹಕತೆಯನ್ನು ಹೇಳುವ ಬೇರೆ ಶಬ್ದಗಳ ಜಾತಕವೂ ಇಂಥದೇ. ‘ಚಾರ್ಮ್’ ಎಂಬುದು ಲ್ಯಾಟಿನ್ನಿನ ‘ಕಾರ್ಮೆನ್’ ಎಂಬುದರಿಂದ ಬಂದದ್ದು. ಹಾಡು, ಮಂತ್ರ ಎಂದು ಅದರ ಅರ್ಥ. ‘ಅಲ್ಯೂರ್’ ಎಂಬುದರ ಒಳಗೆ ಡೇಗೆ ಸಾಕುವವರ ಕಸುಬಿದೆ: ಹಾರಿಹೋದ ಡೇಗೆಯನ್ನು ಮರಳಿ ಕೈಗೆ ಕರೆಯಲು ಬೀಸುವ ಗರಿಗಳ ಕಟ್ಟಿಗೆ ‘ಲ್ಯೂರ್’ ಎಂದು ಹೆಸರು. ‘ಫ್ಯಾಸಿನೇಟ್’ ಮಾಡುವುದೆಂದರೆ ಮೂಲದಲ್ಲಿ ಕಣ್ಣಿನ ದೋಷ ತಗುಲಿಸುವುದು. ನಮ್ಮ ಕಡೆ ಅದಕ್ಕೆ ‘ನದರು’ ಎನ್ನುತ್ತೇವೆ. ಕೂಸಿಗೆ ಎಣ್ಣೆ ನೀರು ಎರೆದು, ಬಟ್ಟೆ ತೊಡಿಸಿ, ಕಣ್ಣಿಗೆ ಕಾಡಿಗೆ ಹಚ್ಚಿ, ಎಲ್ಲ ಮುಗಿದ ಮೇಲೆ ಕೆನ್ನೆಗೊಂದು ಕಪ್ಪು ಬೊಟ್ಟು ಇಡುವ ತಾಯಿ ಲ್ಯಾಟಿನ್ ಓದಿದವಳಲ್ಲ. ಆದರೆ ಕಣ್ಣಿಗೂ ಮಾಯೆಗೂ ಇರುವ ನಂಟು ಅವಳಿಗೆ ಚೆನ್ನಾಗಿ ಗೊತ್ತು.

ನಂಟು ಗೊತ್ತಿರುವುದು ನಮ್ಮ ಭಾಷೆಗೂ ಹೊಸತಲ್ಲ. ಗ್ಲಾಮರ್ ಎಂಬುದರ ಮೊದಲ ಅರ್ಥಕ್ಕೆ ಕನ್ನಡದಲ್ಲಿ ಪಡಿಯಚ್ಚಿನಂತಹ ಮಾತಿದೆ: ಕಣ್ಕಟ್ಟು. ‘ಕಣ್ಣಿಗೆ ಮಂಕುಬೂದಿ ಎರಚುವುದು’ ಎಂಬ ನುಡಿಗಟ್ಟಂತೂ ಸ್ಕಾಟ್ಲೆಂಡಿನವರ ಮಾತನ್ನು ಅವರಿಗೇ ಬಿಡಿಸಿ ಹೇಳುವಂತಿದೆ. ‘ಮಾಟ’ವನ್ನು ನೋಡಿ. ಮಾಟವಾದ ಮೂಗು ಎಂದಾಗ ಅದು ಸೌಂದರ್ಯ. ಮಾಟ ಮಾಡಿಸಿದ್ದಾರೆ ಎಂದಾಗ ನಿಂಬೆಹಣ್ಣು, ಸೂಜಿ, ಅಮಾವಾಸ್ಯೆ! ಎರಡರ ಹಿಂದೆಯೂ ‘ಮಾಡು’ ಎಂಬ ಒಂದೇ ಕ್ರಿಯೆ ನಿಂತಿದೆ.

ವಿದ್ಯೆಯೇ ಮೋಹಕತೆಯಾಗಿ ಮಾರ್ಪಟ್ಟ ಉದಾಹರಣೆಯೂ ನಮ್ಮಲ್ಲಿಲ್ಲದಿಲ್ಲ. ‘ಬಿನ್ನಾಣ’ ಎಂಬ ಮಾತು ಸಂಸ್ಕೃತದ ‘ವಿಜ್ಞಾನ’ ಎಂಬುದರ ತದ್ಭವ. ವಿಶೇಷವಾದ ಅರಿವು ಮೊದಲು ಕೈಯ ಕುಶಲತೆಯಾಯಿತು. ಹಳಗನ್ನಡದಲ್ಲಿ ಬಿನ್ನಣವೆಂದರೆ ಜಾಣ್ಮೆ, ಕಸುಬಿನ ನೈಪುಣ್ಯ. ಕಾಲ ಸರಿದಂತೆ ಆ ಜಾಣ್ಮೆ ಶಿಲ್ಪಿಯ ಕೈಯಿಂದ ಇಳಿದು ಹೆಣ್ಣಿನ ಕಣ್ಣಂಚಿಗೆ ಬಂದು ಕುಳಿತಿತು. ಇಂದು ವಿಜ್ಞಾನ ಪ್ರಯೋಗಶಾಲೆಯಲ್ಲಿದೆ. ಬಿನ್ನಾಣ ಕನ್ನಡಿಯ ಮುಂದಿದೆ. ಇಬ್ಬರೂ ಒಂದೇ ಮನೆಯವರೆಂದು ಹೇಳಿದರೆ ನಂಬುವವರು ಕಡಿಮೆ. ಸ್ಕಾಟ್ಲೆಂಡಿನಲ್ಲಿ ವ್ಯಾಕರಣಕ್ಕೆ ಆದದ್ದೇ ಕನ್ನಡದಲ್ಲಿ ವಿಜ್ಞಾನಕ್ಕೆ ಆಯಿತು!

‘ಮೋಡಿ’ಯ ಕಥೆ ಇದಕ್ಕಿಂತ ಸೋಜಿಗದ್ದು. ಮೋಡಿ ಎಂದರೆ ಜಾದು; ಮೋಡಿ ಎಂದರೆ ಮನ ಸೆಳೆಯುವ ಶಕ್ತಿ; ಮೋಡಿ ಎಂದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓಟದಲ್ಲಿ ಬರೆಯುವ ಹಳೆಯ ಲಿಪಿ. ಈ ಅರ್ಥಗಳೆಲ್ಲಕ್ಕೂ ಮೂಲ ಒಂದೇ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಅಫಜಲಪುರ, ಆಳಂದ ತಾಲೂಕುಗಳಂತೆ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಸೀಮೆಯಲ್ಲಿ ಬಾಳಿದವರಿಗೆ ಈ ಅರ್ಥಗಳು ಒಂದೇ ಮಾತಿನಲ್ಲಿ ಏಕೆ ಕೂಡಿ ನಿಂತವೆಂಬುದು ಸುಲಭವಾಗಿ ಹೊಳೆಯುತ್ತದೆ. ಮೋಡಿಯ ಬರಹ ಬಲ್ಲವರು ಊರಲ್ಲಿ ಒಬ್ಬರೋ ಇಬ್ಬರೋ. ಸಂಸ್ಥಾನದ ಆಡಳಿತದ ಭಾಷೆ ಉರ್ದು. ರೈತನ ಮಾತು ಕನ್ನಡ. ತನ್ನ ಹೊಲದ ಎಲ್ಲೆ, ತನ್ನ ಸಾಲದ ಮೊತ್ತ, ತನ್ನ ಬಡ್ಡಿಯ ಲೆಕ್ಕ, ಎಲ್ಲವೂ ತಾನು ಓದಲಾರದ ಗೆರೆಗಳಲ್ಲಿ ಅಡಗಿವೆ. ಅವನು ಹೆಬ್ಬೆಟ್ಟು ಒತ್ತುತ್ತಾನೆ, ಹೊಲ ಕೈಬಿಡುತ್ತದೆ. ಕಾಗದದ ಮೇಲೆ ನಾಲ್ಕು ಸಾಲು ಗೀಚಿ ನಾಲ್ಕು ಎಕರೆ ಎರೆಭೂಮಿಯನ್ನು ಮಾಯ ಮಾಡುವುದು ಮಂತ್ರವಾದವಲ್ಲದೆ ಮತ್ತೇನು? ಓದು ಬಾರದವರು ಓದು ಬಲ್ಲವರನ್ನು ಮಾಟಗಾರರೆಂದು ಶಂಕಿಸಿದ್ದಕ್ಕೆ ಬರಿಯ ಮೌಢ್ಯ ಕಾರಣವೆಂದು ನಾನು ಒಪ್ಪಲಾರೆ. ಆ ಶಂಕೆಯ ಹಿಂದೆ ಅನುಭವವಿತ್ತು.

ಹೀಗೆ ನೋಡಿದರೆ ಗ್ಲಾಮರ್ ಎಂಬುದು ಒಂದು ಎಚ್ಚರಿಕೆಯ ಶಬ್ದವಾಗಿ ಹುಟ್ಟಿತು. ‘ಅಲ್ಲಿ ಹೊಳೆಯುವುದನ್ನು ನಂಬಬೇಡ, ನಿನ್ನ ಕಣ್ಣನ್ನು ಯಾರೋ ಕಟ್ಟಿದ್ದಾರೆ’ ಎಂಬುದು ಅದರ ಮೊದಲ ಉಪದೇಶ. ಇಂದು ಅದು ಹೊಗಳಿಕೆಯಾಗಿದೆ. ಎಚ್ಚರಿಸುತ್ತಿದ್ದ ನಾಯಿಯೇ ಕಳ್ಳನನ್ನು ಕಂಡು ಬಾಲ ಆಡಿಸತೊಡಗಿದರೆ ಹೇಗೋ ಹಾಗೆ.

ಎಲ್ಲ ಆಕರ್ಷಣೆಯೂ ಕಣ್ಕಟ್ಟೇ ಎಂದರೆ ಅದೂ ಅನ್ಯಾಯವಾದೀತು. ಇದಕ್ಕೆ ನಮ್ಮ ‘ಬೆಡಗು’ ಸಾಕ್ಷಿ. ಇದು ಹಳೆಯ ಮಾತು. ಹಿಂದೆ ಬೆಡಂಗು ಎಂದಿತ್ತು. ಕಲ್ಯಾಣದ ಚಾಳುಕ್ಯರಲ್ಲಿ ೯೯೭ರಿಂದ ೧೦೦೮ರವರೆಗೆ ಆಳಿದ ಸತ್ಯಾಶ್ರಯನಿಗೆ ‘ಇರಿವ ಬೆಡಂಗ’ ಎಂದು ಬಿರುದು. ಯುದ್ಧದಲ್ಲಿ ಇರಿಯುವುದರಲ್ಲಿ ಬೆಡಗುಳ್ಳವನು ಎಂದರ್ಥ. ರನ್ನನಂತಹ ಕವಿ ಅವನನ್ನು ಕಾವ್ಯನಾಯಕನನ್ನಾಗಿ ಮಾಡಿಕೊಂಡ. ಬೆಡಗು ಎಂದೊಡನೆ ಪೌಡರಿನ ಡಬ್ಬಿಯನ್ನು ನೆನೆಯುವ ನಮಗೆ ರಕ್ತಸಿಕ್ತ ಕತ್ತಿಯ ಬೆಡಗು ವಿಚಿತ್ರವೆನಿಸಬಹುದು. ಆದರೆ ಮಾಡುವ ಕೆಲಸ ಪರಿಪೂರ್ಣವಾದಾಗ ಅದರಿಂದ ತಾನಾಗಿ ಹೊಮ್ಮುವ ಸೊಬಗು ಎಂಬುದು ಆ ಬಿರುದಿನ ಹುರುಳು.

ಅದೇ ಕಲ್ಯಾಣದಲ್ಲಿ ಮುಂದಿನ ಶತಮಾನದ ಶರಣರು ಈ ಮಾತಿಗೆ ಇನ್ನೊಂದು ಆಳವನ್ನು ಕೊಟ್ಟರು. ಅಲ್ಲಮಪ್ರಭುವಿನಂಥವರ ಒಗಟಿನಂತಹ ವಚನಗಳಿಗೆ ‘ಬೆಡಗಿನ ವಚನ’ ಎಂದು ಹೆಸರು. ಮೇಲುನೋಟಕ್ಕೆ ಅಸಂಬದ್ಧವೆನಿಸುವ ಚಿತ್ರ. ಮನಸ್ಸು ಅಲ್ಲಿ ತಡೆದು ನಿಂತು, ಕೆಣಕಿಸಿಕೊಂಡು, ಒಳಗೆ ಇಳಿಯುತ್ತದೆ. ಇಳಿದಷ್ಟೂ ಅರ್ಥ ದೊರೆಯುತ್ತದೆ. ನಮ್ಮ ಜೇವರ್ಗಿಯ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳಲ್ಲಿಯೂ ಈ ಜಾಡು ಉಂಟು. ಏಕತಾರಿ ಹಿಡಿದು ಹಾಡುವವರ ಸುತ್ತ ರಾತ್ರಿಯೆಲ್ಲ ಕುಳಿತು, ಹಾಡು ನಿಂತ ಮೇಲೆ ಇದರ ಅರ್ಥವೇನೆಂದು ಚರ್ಚಿಸುವ ರೈತರನ್ನು ನಾನು ಕಂಡಿದ್ದೇನೆ. ಕಣ್ಕಟ್ಟು ನೋಡುವವನನ್ನು ಹೊಸ್ತಿಲಲ್ಲಿಯೇ ಕಟ್ಟಿಹಾಕುತ್ತದೆ. ಬೆಡಗು ಕೈಹಿಡಿದು ಒಳಮನೆಗೆ ಕರೆದೊಯ್ಯುತ್ತದೆ. ಆಕರ್ಷಣೆ ಒಳ್ಳೆಯದೋ ಕೆಟ್ಟದೋ ಎಂದು ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ನನಗೆ ತೋರುವುದಿಲ್ಲ.

ಇನ್ನು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಮಾತಿಗೆ ಬರುತ್ತೇನೆ. ಅದು ‘ಲಕ್ಷಣ’. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಹೇಳುವ ಪುಸ್ತಕಗಳನ್ನು ಕನ್ನಡದಲ್ಲಿ ಲಕ್ಷಣಗ್ರಂಥಗಳೆನ್ನುತ್ತೇವೆ. ೧೩ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಅಂಥದು. ೧೬೦೪ರಲ್ಲಿ ಭಟ್ಟಾಕಳಂಕನು ಬರೆದ ಶಬ್ದಾನುಶಾಸನ ಅಂಥದು. ಇತ್ತ ಅಡುಗೆಮನೆಯಲ್ಲಿ ಅಜ್ಜಿ, ‘ಹುಡುಗಿ ಲಕ್ಷಣವಾಗಿದ್ದಾಳೆ’ ಎನ್ನುತ್ತಾಳೆ. ‘ಲಕ್ಷಣವಾಗಿ ಕುಳಿತು ಊಟ ಮಾಡು’ ಎಂದು ಮೊಮ್ಮಗನನ್ನು ಗದರಿಸುತ್ತಾಳೆ. ವೈದ್ಯರು ರೋಗಲಕ್ಷಣ ನೋಡುತ್ತಾರೆ. ವೈಯಾಕರಣಿಯೂ ಅಜ್ಜಿಯೂ ವೈದ್ಯರೂ ಬಳಸುವುದು ಒಂದೇ ಮಾತನ್ನು, ಒಂದೇ ಅರ್ಥದಲ್ಲಿ: ಯಾವ ಗುರುತಿನಿಂದ ಒಂದು ವಸ್ತು ಅದೇ ವಸ್ತುವೆಂದು ತಿಳಿಯುತ್ತದೆಯೋ ಅದು ಲಕ್ಷಣ.

ಎಷ್ಟು ದೂರದ ಎರಡು ನಾಡುಗಳು ವ್ಯಾಕರಣಕ್ಕೂ ಚೆಲುವಿಗೂ ನಂಟು ಕಟ್ಟಿದವು, ನೋಡಿ! ಸ್ಕಾಟ್ಲೆಂಡಿನಲ್ಲಿ ವ್ಯಾಕರಣ ಕಣ್ಣಿನ ಮೇಲಿನ ಮಂಜಾಯಿತು. ಕನ್ನಡದಲ್ಲಿ ಅದು ಮುಖದ ಮೇಲಿನ ನಿಜವಾಯಿತು. ಇದರಿಂದ ನಮ್ಮ ಹಿರಿಯರು ಮಹಾ ನ್ಯಾಯವಂತರೆಂದು ಎದೆಯುಬ್ಬಿಸಬೇಕಾಗಿಲ್ಲ. ಸಾಮುದ್ರಿಕ ಲಕ್ಷಣದ ಹೆಸರಿನಲ್ಲಿ ಹೆಣ್ಣುಮಕ್ಕಳ ಹಣೆ, ಪಾದ, ಬೆರಳುಗಳನ್ನು ಅಳೆದು ನೋಯಿಸಿದವರೂ ನಾವೇ. ಆದರೆ ಮಾತಿನ ಹೃದಯ ಶುದ್ಧವಾಗಿದೆ: ಚೆಲುವು ಎಂದರೆ ತಾನು ತಾನಾಗಿರುವುದು.

ಕನ್ನಡದಲ್ಲಿ ಇಂದಿಗೆ ಉಳಿದುಬಂದಿರುವ ಮೊಟ್ಟಮೊದಲ ಕೃತಿಯೇ ಒಂದು ಲಕ್ಷಣಗ್ರಂಥ. ಅದು ಹುಟ್ಟಿದ್ದು ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡದ ಆಸ್ಥಾನದಲ್ಲಿ. ಸುಮಾರು ೮೫೦ರ ಹೊತ್ತಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವೇ ಅದು. ಕಾವ್ಯಕ್ಕೆ ಯಾವುದು ಅಲಂಕಾರ, ಯಾವುದು ದೋಷ ಎಂಬುದನ್ನು ಆ ಕೃತಿ ವಿವರಿಸುತ್ತದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಗುರುತಿಸುತ್ತದೆ. ಆ ಕಾಲದ ಮಾನ್ಯಖೇಟಕ್ಕೆ ಗ್ಲಾಮರ್ ಸಾಲದೆಂದು ಯಾರೂ ಹೇಳಲಾರದಷ್ಟು ವೈಭವವಿತ್ತು. ೯೭೨ರಲ್ಲಿ ಪರಮಾರರ ಸೀಯಕನು ನಗರವನ್ನು ಸೂರೆಗೊಂಡ. ಇಂದು ಕಾಗಿಣಾ ನದಿಯ ದಂಡೆಯಲ್ಲಿ ಕೋಟೆಯ ಗೋಡೆಗಳು ನಿಂತಿವೆ. ಸೂರೆಗಾರರು ಮುಟ್ಟಲಾಗದೆ ಹೋದದ್ದು ಆ ಲಕ್ಷಣಗ್ರಂಥ ಒಂದೇ.

ಶಬ್ದದ ಚರಿತ್ರೆ ಹೀಗಿರಲಿ, ನಿತ್ಯದ ಬಾಳಿನಲ್ಲಿ ಇದರಿಂದ ಏನಾಗಬೇಕು ಎಂದು ಓದುಗರು ಕೇಳಬಹುದು. ಆಗಬೇಕಾದದ್ದು ಇದೆ, ಏಕೆಂದರೆ ಗ್ಲಾಮರ್ ಎಂಬ ಶಬ್ದ ತನ್ನ ಅರ್ಥವನ್ನು ಹೇಳುವುದಷ್ಟೇ ಅಲ್ಲ, ತಾನೇ ಅದನ್ನು ಮಾಡಿಯೂ ತೋರಿಸುತ್ತದೆ. ಅದನ್ನು ಆಡಿದೊಡನೆ ಕೇಳುವವರ ಕಣ್ಣು ಕಟ್ಟುತ್ತದೆ. ಅದರ ಹಿಂದೆ ಅಡಗಿದ ನಿಜವಾದ ಮಾತು ಕಾಣದಾಗುತ್ತದೆ. ನಾನು ಕಂಡ ಎರಡು ಸಂಗತಿಗಳನ್ನು ಹೇಳುತ್ತೇನೆ.

ನೆರೆಮನೆಯವರ ಮಗಳನ್ನು ನೋಡಲು ವರನ ಕಡೆಯವರು ಬಂದು ಹೋಗಿದ್ದರು. ಹುಡುಗಿ ಓದಿದವಳು, ಮಾತಿನಲ್ಲಿ ಮರ್ಯಾದೆ, ಮುಖದಲ್ಲಿ ಕಳೆ. ನಾಲ್ಕು ದಿನಗಳಾದ ಮೇಲೆ ನಡುವಿನವರು ಬಂದು, ಚಹಾ ಕುಡಿದು, ಬಹಳ ಹೊತ್ತು ಮಳೆಬೆಳೆಯ ಮಾತನಾಡಿ, ಕೊನೆಗೆ ಹೇಳಿದರು:

“ಹುಡುಗಿ ಚೆಂದ ಇದ್ದಾಳ್ರಿ. ಆದ್ರ ಗ್ಲಾಮರ್ ಜರಾ ಕಮ್ಮಿ ಅಂತಾರ.”

ತಂದೆಗೆ ಏನು ಹೇಳಬೇಕೆಂದು ತೋಚಲಿಲ್ಲ. ಒಳಬಾಗಿಲಲ್ಲಿ ಕುಳಿತು ಹುಣಸೆಬೀಜ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿ ಕೇಳಿದಳು:

“ಹಂಗಂದ್ರ ಏನಪ್ಪಾ? ಬಣ್ಣ ಕಮ್ಮಿಯೋ, ಬಂಗಾರ ಕಮ್ಮಿಯೋ?”

ನಡುವಿನವರು ಉತ್ತರ ಕೊಡದೆ ಚಪ್ಪಲಿ ಹುಡುಕಿದರು. ಇಂಗ್ಲಿಷಿನ ಒಂದು ಶಬ್ದದ ಮರೆಯಲ್ಲಿ ಮೈಬಣ್ಣದ ತಾತ್ಸಾರವನ್ನೂ ವರದಕ್ಷಿಣೆಯ ಆಸೆಯನ್ನೂ ಎಷ್ಟು ಸಭ್ಯವಾಗಿ ಬಚ್ಚಿಡಬಹುದು ಎಂಬುದು ನನಗೆ ಅಂದು ತಿಳಿಯಿತು. ಕನ್ನಡಕ್ಕೆ ಬಂದೊಡನೆ ಅದು ಬತ್ತಲಾಯಿತು. ಆ ಹುಡುಗಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು. ಆದರೆ ನಾಲ್ಕಾರು ದಿನ ಅವಳು ಕನ್ನಡಿಯ ಮುಂದೆ ತನ್ನಲ್ಲಿ ಇಲ್ಲದ ಯಾವುದೋ ಒಂದನ್ನು ಹುಡುಕುತ್ತಿದ್ದಳೆಂದು ಅವಳ ತಾಯಿ ನನ್ನ ಹೆಂಡತಿಯೊಡನೆ ಹೇಳಿಕೊಂಡರು. ಹೆಸರೇ ಇಲ್ಲದ ಕೊರತೆಯನ್ನು ತುಂಬುವ ಬಗೆ ಹೇಗೆ?

ಎರಡನೆಯದು ನನ್ನ ತರಗತಿಯ ಸಂಗತಿ. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿ. ಬೆಡಗಿನ ವಚನವೊಂದನ್ನು ಪಾಠ ಮಾಡಿದ ದಿನ, ನಾನು ಹೇಳಿದ ಅರ್ಥಕ್ಕಿಂತ ಒಳ್ಳೆಯ ಅರ್ಥವನ್ನು ಎದ್ದು ನಿಂತು ಹೇಳಿದವಳು. ವರ್ಷದ ಕೊನೆಗೆ ಅಧ್ಯಾಪಕರ ಕೋಣೆಗೆ ಬಂದಳು.

“ಸರ್, ಮುಂದಿನ ವರ್ಷ ನಾ ಕನ್ನಡಾ ಬಿಡ್ತೀನ್ರಿ.”

“ಯಾಕ ತಂಗಿ?”

“ಅದರಾಗ ಗ್ಲಾಮರ್ ಇಲ್ರಿ ಸರ್.”

ಪಕ್ಕದ ಮೇಜಿನವರು ನಕ್ಕರು. ನನಗೆ ನಗು ಬರಲಿಲ್ಲ. “ಗ್ಲಾಮರ್ ಅಂದ್ರ ಏನು? ನಮ್ಮ ಮಾತಿನ್ಯಾಗ ಹೇಳು” ಎಂದೆ. ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು.

“ನೌಕರಿ ಸಿಗಂಗಿಲ್ರಿ. ಮನ್ಯಾಗ ನಾನೇ ದೊಡ್ಡಾಕಿ. ಅಪ್ಪಗ ಈಗ ಕೂಲಿ ಕೆಲಸ ಆಗಂಗಿಲ್ರಿ ಸರ್.”

ಗ್ಲಾಮರ್ ಎಂದು ಅವಳು ಕರೆದದ್ದು ಅನ್ನವನ್ನು! ಆ ಮೊದಲ ಉತ್ತರವನ್ನೇ ನಂಬಿದ್ದರೆ, ‘ಈಗಿನ ಮಕ್ಕಳಿಗೆ ಥಳಕೇ ಬೇಕು’ ಎಂದು ನಾಲ್ಕು ಬುದ್ಧಿಮಾತು ಹೇಳಿ ಕಳಿಸಬಹುದಾಗಿತ್ತು. ಎರಡನೆಯ ಉತ್ತರ ಕೇಳಿದ ಮೇಲೆ ಬುದ್ಧಿ ಹೇಳುವ ಅಧಿಕಾರ ಯಾರಿಗೂ ಉಳಿಯುವುದಿಲ್ಲ. ಅನಂತರ ನಮ್ಮ ಮಾತು ವಿದ್ಯಾರ್ಥಿವೇತನದ ಅರ್ಜಿ, ವಸತಿನಿಲಯ, ಬೇಗ ಉದ್ಯೋಗ ದೊರಕಿಸುವ ಶಿಕ್ಷಣ ಎಂಬ ದಾರಿಯಲ್ಲಿ ನಡೆಯಿತು. ಅವಳು ಗಣಕಯಂತ್ರದ ಶಿಕ್ಷಣಕ್ಕೆ ಸೇರಿದಳು. ಸೇರಿದ್ದು ಸರಿಯೂ ಆಗಿತ್ತು. ಕನ್ನಡದ ತರಗತಿಯಲ್ಲಿ ಒಂದು ಒಳ್ಳೆಯ ಜಾಗ ಬರಿದಾಯಿತು. ಅದಕ್ಕೆ ಅವಳನ್ನು ದೂರುವುದು ಹೇಗೆ? ಕನ್ನಡ ಓದಿದವರಿಗೆ ಅನ್ನ ಕಡಿಮೆ ಎಂಬುದು ನೇರವಾದ ಪ್ರಶ್ನೆ. ಸರಕಾರವೂ ಸಮಾಜವೂ ನಮ್ಮಂತಹ ಅಧ್ಯಾಪಕರೂ ಉತ್ತರಿಸಬೇಕಾದ ಪ್ರಶ್ನೆ. ಕನ್ನಡಕ್ಕೆ ಗ್ಲಾಮರ್ ಕಡಿಮೆ ಎಂದು ಅದನ್ನೇ ತಿರುಗಿಸಿ ಹೇಳಿದಾಗ ಯಾರೂ ಉತ್ತರಿಸಬೇಕಾಗಿಲ್ಲ. ತಪ್ಪೆಲ್ಲ ಕನ್ನಡದ ಮುಖದ ಮೇಲೆ ಬಿದ್ದಂತಾಗುತ್ತದೆ.

ಹೆಸರುಗಳಿಗೂ ಇದೇ ಪಾಡು. ನನ್ನೂರು ಜೇವರ್ಗಿ ತಾಲೂಕಿನ ಕೊಳಕೂರ. ಈ ಹೆಸರು ಕೇಳಿ ದೊಡ್ಡ ನಗರದ ಮಿತ್ರರೊಬ್ಬರು, “ಏನು, ಕೊಳಕು ಊರೇ?” ಎಂದು ನಕ್ಕರು. ಕೊಳಕನ್ನು ಕೇಳಬೇಕೆಂಬ ಕಿವಿಗೆ ಕೊಳಕು ಕೇಳಿಸುತ್ತದೆ. ಅದೇ ಹೆಸರಿನ ಬಾಯಲ್ಲಿಯೇ ‘ಕೊಳ’ವೂ ನಿಂತಿದೆ; ತಿಳಿನೀರನ್ನು ನೆನೆಯುವ ಕಿವಿಗೆ ಅದೂ ಕೇಳಿಸೀತು. ಆ ಮಿತ್ರರ ಬಡಾವಣೆಗಾದರೋ ‘ಲೇಕ್ ವ್ಯೂ’ ಎಂದು ಹೆಸರು. ಕಿಟಕಿ ತೆರೆದರೆ ಎದುರಿಗೆ ಕಾಣುವುದು ಪಕ್ಕದ ಮನೆಯ ನೀರಿನ ತೊಟ್ಟಿ. ಗ್ಲಾಮರ್ ಎಂಬುದರ ಸ್ಕಾಟ್ಲೆಂಡಿನ ಮೂಲಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಎಲ್ಲಿಯೂ ದೊರೆತಿಲ್ಲ.

ಹಾಗೆಂದು ಈ ಶಬ್ದವನ್ನು ಮನೆಯಿಂದ ಹೊರದಬ್ಬಬೇಕೆಂದು ನಾನು ಹೇಳುವವನಲ್ಲ. ಕನ್ನಡದೊಡನೆ ಸಂಸ್ಕೃತ ಬೆರೆಸುವುದು ತುಪ್ಪದೊಡನೆ ಎಣ್ಣೆ ಬೆರೆಸಿದಂತೆ ಎಂದು ೧೧೧೨ರಷ್ಟು ಹಿಂದೆಯೇ ನಯಸೇನನು ಧರ್ಮಾಮೃತದಲ್ಲಿ ಆಕ್ಷೇಪಿಸಿದ್ದನು. ಕನ್ನಡವು ಅವನ ಮಾತನ್ನು ಗೌರವಿಸಿಯೂ ಸಂಸ್ಕೃತ, ಪ್ರಾಕೃತ, ಮರಾಠಿ, ಉರ್ದು, ಇಂಗ್ಲಿಷುಗಳಿಂದ ತನಗೆ ಬೇಕಾದದ್ದನ್ನು ಪಡೆಯುತ್ತಲೇ ಬಂದಿದೆ. ಸಿನಿಮಾದ ದೀಪ, ಉಡುಪು, ಬಣ್ಣಗಳ ಲೋಕಕ್ಕೆ ಗ್ಲಾಮರ್ ಎನ್ನುವುದು ತಕ್ಕದ್ದೇ. ಅಲ್ಲಿ ನಾವು ದುಡ್ಡು ಕೊಟ್ಟು, ಕತ್ತಲಲ್ಲಿ ಕುಳಿತು, ತಿಳಿದು ತಿಳಿದೇ ಮೂರು ಗಂಟೆಯ ಮಟ್ಟಿಗೆ ಕಣ್ಣು ಕಟ್ಟಿಸಿಕೊಳ್ಳುತ್ತೇವೆ. ದೀಪ ಹತ್ತಿದೊಡನೆ ಮನೆಗೆ ನಡೆಯುತ್ತೇವೆ. ಅದರಲ್ಲಿ ಮೋಸವಿಲ್ಲ, ಸಂತೋಷವಿದೆ. ಆ ಕೊಟ್ಟಿಗೆಯನ್ನು ಬಿಟ್ಟು ಶಬ್ದವು ಮಗಳ ಮದುವೆಗೆ, ಮಗನ ವಿದ್ಯೆಗೆ, ಊರಿನ ಹೆಸರಿಗೆ, ಮತದಾನದ ಪೆಟ್ಟಿಗೆಗೆ ನುಗ್ಗಿದಾಗ ಮಾತ್ರ ಬಾಗಿಲಲ್ಲಿ ತಡೆದು ಪ್ರಶ್ನಿಸಬೇಕಾಗುತ್ತದೆ.

ಪ್ರಶ್ನೆ ಸುಲಭವಾದದ್ದು. ಯಾರಾದರೂ ಗ್ಲಾಮರ್ ಎಂದಾಗ, ಅಜ್ಜಿಯಂತೆ, ‘ಹಾಗೆಂದರೆ ಏನು?’ ಎಂದು ಕೇಳುವುದು. ಚೆಲುವೋ, ಥಳಕೋ? ಬೆಡಗೋ, ಕಣ್ಕಟ್ಟೋ? ಬಣ್ಣವೋ, ಬಂಗಾರವೋ, ಅನ್ನವೋ? ಹತ್ತು ಮಾತುಗಳ ಬುಟ್ಟಿ ನಮ್ಮ ಮನೆಯಲ್ಲಿಯೇ ಇದೆ. ಅದರಲ್ಲಿ ಸರಿಯಾದದ್ದು ಕೈಗೆ ಸಿಕ್ಕೇ ಸಿಗುತ್ತದೆ. ಸಿಕ್ಕ ಮಾತು ಕೆಲವು ಸಲ ನೋಯಿಸೀತು. ಆದರೆ ನಾವು ಯಾವುದನ್ನು ಮೆಚ್ಚುತ್ತಿದ್ದೇವೆ, ಯಾವುದಕ್ಕೆ ಹಂಬಲಿಸುತ್ತಿದ್ದೇವೆ, ಯಾವುದಕ್ಕೆ ಹೆದರುತ್ತಿದ್ದೇವೆ ಎಂಬುದಂತೂ ತಿಳಿಯುತ್ತದೆ. ಓದುಗರು ಈ ವಾರ ತಮ್ಮ ಮನೆಯ ಮಾತುಕತೆಯಲ್ಲಿ ಒಮ್ಮೆ ಇದನ್ನು ಪರೀಕ್ಷಿಸಿ ನೋಡಬಹುದು. ಖರ್ಚಿಲ್ಲದ ಪ್ರಯೋಗ, ಬೇಕಾದದ್ದು ಒಂದಿಷ್ಟು ವ್ಯಾಕರಣ, ಅಷ್ಟೆ.